ಮೊದಲೇ ಬರೆದಿಟ್ಟ ಉತ್ತರಗಳು

ಯಾರಾದರೂ ಎದುರು ನಿಂತು ಪ್ರಶ್ನೆ ಕೇಳಿದರೆ ನನಗೆ ಮಾತು ಹೊರಡುವುದಿಲ್ಲ. ಉಜ್ದಾ ಊರಿನ ಈ ತರಬೇತಿ ಕೇಂದ್ರಕ್ಕೆ ಸಂದರ್ಶನಕ್ಕೆ ಬರುವ ಹಿಂದಿನ ದಿನ ಡೈರಿಯಲ್ಲಿ ಉತ್ತರಗಳನ್ನೆಲ್ಲ ಬರೆದುಕೊಂಡೇ ಬಂದಿದ್ದೆ. ಕೆಲಸ ಸಿಕ್ಕ ಮೇಲೆ ಲಿನಕ್ಸ್‌ಗೂ ಅದನ್ನೇ ಮಾಡಿದೆ. ಕಂಪ್ಯೂಟರಿಗೆ ಹೊಸದಾಗಿ ಹಾಕುವಾಗ ಅದು ಹೆಜ್ಜೆಗೊಂದು ಪ್ರಶ್ನೆ ಕೇಳುತ್ತದೆ: ಯಾವ ಭಾಷೆ, ಯಾವ ಕೀಲಿಮಣೆ, ಡಿಸ್ಕಿಗೆ ಎಷ್ಟು ಭಾಗ, ಗಡಿಯಾರ ಎಲ್ಲಿಯದು. ಎಲ್ಲಕ್ಕೂ ಉತ್ತರವನ್ನು ಒಂದೇ ಕಡತದಲ್ಲಿ ಬರೆದಿಟ್ಟೆ. ನಮ್ಮ ಒಂದು ದೊಡ್ಡ ಸರ್ವರ್‌ನ ಒಳಗೆ ಇಪ್ಪತ್ನಾಲ್ಕು ವರ್ಚುವಲ್ ಯಂತ್ರಗಳಿವೆ, ಕೋಣೆಯ ಒಂದೊಂದು ಪರದೆಗೆ ಒಂದೊಂದು. ಪ್ರತಿ ಪರೀಕ್ಷೆಗೂ ಹಳೆಯದನ್ನು ಅಳಿಸಿದರೆ ಸಾಕು, ಅವು ಆ ಕಡತ ಓದಿಕೊಂಡು, ಪಕ್ಕದಲ್ಲಿ ಯಾರೂ ಇಲ್ಲದೆ, ತಾವೇ ಹೊಸದಾಗಿ ಸಿದ್ಧವಾಗುತ್ತವೆ.

ನಿರ್ದೇಶಕರಾದ ಬೂಜಮ್ಆ, ನಮ್ಮ ಕಡೆಯ ಮರ್ಯಾದೆಯ ಮಾತಿನಲ್ಲಿ ಸಿ ಬೂಜಮ್ಆ, ಇದನ್ನು ನಂಬಿರಲಿಲ್ಲ. "ಒಲೆ ಮೇಲೆ ಹರೀರಾ ಸೂಪು ಇಟ್ಟು ಬೀದಿ ಸುತ್ತೋಕೆ ಹೋದಂಗಾಯ್ತು. ತಳ ಹಿಡಿಯುತ್ತೆ, ನೋಡ್ತಿರು ಮಗಳೇ."

ಇವತ್ತು ರಮದಾನಿನ ಮೊದಲ ಉಪವಾಸ. ಒಂಬತ್ತಕ್ಕೆ ಪರೀಕ್ಷೆ, ಎರಡು ಗಂಟೆಯದು. ಫಿಗೀಗ್‌ನಿಂದ, ಬೂಅರ್ಫಾದಿಂದ ಬಸ್ಸು ಹತ್ತಿ ಬಂದ ಹುಡುಗಿಯರು ಆಗಲೇ ಗೇಟಿನ ಬಳಿ ಕೂತಿದ್ದರು. ಇವತ್ತು ತಪ್ಪಿದರೆ ಇನ್ನು ಹಬ್ಬ ಕಳೆದ ಮೇಲೆಯೇ.

ನಾನು ಬಂದು ಒಂದು ಗುಂಡಿ ಒತ್ತಿದ್ದೆ. ಇಪ್ಪತ್ತೈದು ನಿಮಿಷದಲ್ಲಿ ಎಲ್ಲ ಯಂತ್ರಗಳೂ ಎದ್ದು ನಿಂತವು, ಒಂದೂ ಪ್ರಶ್ನೆ ಕೇಳಲಿಲ್ಲ. ಪರದೆಯ ಮೂಲೆಯ ಸಮಯವನ್ನು ಗೋಡೆ ಗಡಿಯಾರದ ನಿಮಿಷದ ಮುಳ್ಳಿಗಷ್ಟೇ ಹೋಲಿಸಿದೆ, ಗಂಟೆ ನೋಡಲಿಲ್ಲ. ಸರಿಯಾಗಿತ್ತು. ಒಳಗೊಳಗೇ ಹಿಗ್ಗಿದೆ.

ಅಷ್ಟರಲ್ಲಿ ಕಚೇರಿಯ ತೌರಿಯಾ ಬಂದು, ಚಪ್ಪಲಿ ಬಿಟ್ಟು ಕುರ್ಚಿ ಹತ್ತಿದಳು.

"ಏನು ಮಾಡ್ತಿದ್ದೀಯ?"

"ಗಡಿಯಾರ ಹಿಂದಕ್ಕೆ ತಿರುಗಿಸ್ತಿದ್ದೀನಿ ಕಣೇ ನುಹೈಲಾ. ನಿನ್ನೆ ಬೆಳಗಿನ ಜಾವವೇ ಇಡೀ ದೇಶ ಒಂದು ಗಂಟೆ ಹಿಂದಿನ ರಮದಾನ್ ಸಮಯಕ್ಕೆ ಬಂತು. ಇದೊಂದು ಇನ್ನೂ ನಿದ್ದೆ ಮಾಡ್ತಿದೆ."

ಮುಳ್ಳು ಒಂಬತ್ತೂ ಇಪ್ಪತ್ತರಿಂದ ಎಂಟೂ ಇಪ್ಪತ್ತಕ್ಕೆ ಇಳಿಯಿತು. ನಾನು ಪರದೆಯ ಕಡೆ ತಿರುಗಿದೆ. ಅಲ್ಲಿ ಇನ್ನೂ ಒಂಬತ್ತೂ ಇಪ್ಪತ್ತೇ.

ಗಡಿಯಾರದ ಪ್ರಶ್ನೆಗೆ ಚಳಿಗಾಲದಲ್ಲಿ ಬರೆದ ಉತ್ತರ ಅದು. ಊರಿನ ಹೆಸರು ಕೊಟ್ಟಿದ್ದರೆ ರಮದಾನಿನ ಲೆಕ್ಕವನ್ನು ಲಿನಕ್ಸ್ ತಾನೇ ನೋಡಿಕೊಳ್ಳುತ್ತಿತ್ತು. ನಾನು ಜಾಣತನ ಮಾಡಿ, ಲಂಡನ್ನಿನ ಚಳಿಗಾಲದ ಸಮಯಕ್ಕಿಂತ ಯಾವಾಗಲೂ ಒಂದು ಗಂಟೆ ಮುಂದೆ ಎಂದು ಬರೆದಿದ್ದೆ. ಯಂತ್ರಗಳ ಪಾಲಿಗೆ ಒಂಬತ್ತು ದಾಟಿ, ಪರೀಕ್ಷೆ ತಾನೇ ಶುರುವಾಗಿ ಇಪ್ಪತ್ತು ನಿಮಿಷ ಓಡಿತ್ತು. ಒಮ್ಮೆ ಓಡಿದ ಪರೀಕ್ಷೆ ಆ ಯಂತ್ರದಲ್ಲಿ ಮತ್ತೆ ಮೊದಲಿಂದ ತೆರೆಯುವುದಿಲ್ಲ.

ಸಿ ಬೂಜಮ್ಆ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡರು. "ಬೆಳಿಗ್ಗೆಯಿಂದ ಸಿಗರೇಟಿಲ್ಲ, ಕಾಫಿಯಿಲ್ಲ. ಈಗ ಪರೀಕ್ಷೆನೂ ಇಲ್ಲ! ಕೈಯಲ್ಲೇ ಹಾಕೋಣ ಅಂದ್ರೆ?"

"ಒಂದೊಂದಕ್ಕೆ ಅರ್ಧ ಗಂಟೆ," ಎಂದೆ. ದನಿ ನನಗೇ ಕೇಳಿಸಲಿಲ್ಲ.

ಕಡತ ತೆರೆದೆ. ಒಂದು ಸಾಲು ಅಳಿಸಿ, ನಮ್ಮ ದೇಶದ ಸಮಯಕ್ಕೆ ಲಿನಕ್ಸ್ ಬಳಸುವ ಊರಿನ ಹೆಸರು 'ಕಾಸಾಬ್ಲಾಂಕಾ' ಎಂದು ಬರೆದೆ. ಎಲ್ಲ ಯಂತ್ರಗಳನ್ನೂ ಅಳಿಸಿ ಮತ್ತೆ ಅದೇ ಗುಂಡಿ ಒತ್ತಿದೆ. ಎಂಟೂ ಇಪ್ಪತ್ತೆಂಟು.

ಪರದೆಗಳು ಕಪ್ಪಾದವು. ಆರಂಭದ ಆಯ್ಕೆಗಳ ಪಟ್ಟಿ ಮೂಡಿ, ಹತ್ತರಿಂದ ಕೆಳಗೆ ಎಣಿಸತೊಡಗಿತು. ಆ ಹೊತ್ತಿನಲ್ಲಿ ಯಾವ ಕೀಲಿ ಒತ್ತಿದರೂ ಎಣಿಕೆ ನಿಂತು, ಮನುಷ್ಯರಿಗಾಗಿ ಕಾಯುತ್ತದೆ.

"ಇದ್ಯಾಕೆ ಸುಮ್ನೆ ನಿಂತಿದೆ?" ಎನ್ನುತ್ತ ಸಿ ಬೂಜಮ್ಆ ಮೊದಲ ಸಾಲಿನ ಕೀಲಿಮಣೆಗೆ ಬೆರಳು ಚಾಚಿದರು.

"ಮುಟ್ಬೇಡಿ!"

ಇಬ್ಬರೂ ತಿರುಗಿ ನೋಡಿದರು. ಕಿರುಚಿದವಳು ನಾನೇ. ಅವರು ಬೆಂಕಿ ತಾಗಿದವರಂತೆ ಕೈ ಹಿಂದೆಳೆದು, ಎರಡೂ ಕೈ ಜೇಬಿಗೆ ಹಾಕಿಕೊಂಡರು.

"ಅಯ್ಯೋ, ಇಷ್ಟು ದೊಡ್ಡ ಗಂಟಲು ಇತ್ತೇನೇ ನಿಂಗೆ!" ಎಂದಳು ತೌರಿಯಾ.

ಆಮೇಲೆ ಮಾಡುವುದು ಏನೂ ಇರಲಿಲ್ಲ. ಅದೇ ಕಷ್ಟ. ಮೂವರೂ ಕೈಕಟ್ಟಿ ನಿಂತು, ಸಾಲುಗಳು ಮೇಲೇರುವುದನ್ನು ನೋಡಿದೆವು. ಹದಿನೇಳನೆಯದು ಸ್ವಲ್ಪ ಹೊತ್ತು ಮಿಸುಕಲಿಲ್ಲ. ನಾನು ಉಗುರು ಕಚ್ಚಿದೆ. ಆಮೇಲೆ ಅದೂ ಹೊರಟಿತು.

ಎಂಟೂ ಐವತ್ತನಾಲ್ಕಕ್ಕೆ ಕೊನೆಯದು ಎದ್ದಿತು. ಮೂಲೆಯಲ್ಲಿ ಎಂಟೂ ಐವತ್ತನಾಲ್ಕೇ ಇತ್ತು. ಗೋಡೆಯನ್ನು ನಂಬದೆ ಈ ಸಲ ಫೋನ್ ತೆಗೆದು ನೋಡಿದೆ. ಅಲ್ಲಿಯೂ ಅಷ್ಟೇ.

ಹುಡುಗಿಯರು ಒಳಗೆ ಬಂದು ಕೂತರು. ಸರಿಯಾಗಿ ಒಂಬತ್ತಕ್ಕೆ ಇಪ್ಪತ್ನಾಲ್ಕು ಪರದೆಗಳಲ್ಲೂ ಮೊದಲ ಪ್ರಶ್ನೆ ತೆರೆಯಿತು. ನಾನು ಹೊರಗಿನ ಮೆಟ್ಟಿಲ ಮೇಲೆ ಕುಸಿದೆ.

ಸಿ ಬೂಜಮ್ಆ ಪಕ್ಕದಲ್ಲಿ ಬಂದು ನಿಂತರು. "ನಿನ್ನ ಹರೀರಾ ತಳ ಹಿಡೀಲಿಲ್ಲ ಮಗಳೇ."

"ಹರೀರಾ ಹೆಸರು ಎತ್ಬೇಡಿ ಸಿ ಬೂಜಮ್ಆ," ಎಂದು ಒಳಗಿನಿಂದ ತೌರಿಯಾ ನರಳಿದಳು. "ಸೂರ್ಯ ಮುಳುಗೋಕೆ ಇನ್ನೂ ಒಂದು ಯುಗ ಇದೆ. ಅದ್ರ ಮೇಲೆ ನಾನೇ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದೀನಿ!"