ಮಜ್ಜಿಗೆ ಹುಲ್ಲಿನ ಕಷಾಯ

ಗುರುವಾರ ಬೆಳಿಗ್ಗೆ ಆರೂವರೆಗೆ ಕೆದಿಬೋನೆ ಹುಳಿಗಂಜಿ ನುಂಗಿದಳು. ಬಾಯೊಳಗೆ ಮೊಸರು ಮೆತ್ತಿದಂತೆ ಬಿಳಿ ಪೊರೆ ಕಟ್ಟಿದ ಮೇಲೆ ಅವಳಿಗೆ ನೀರು ಬಿಟ್ಟು ಬೇರೇನೂ ಇಳಿದಿರಲಿಲ್ಲ.

ಅಕ್ಕ ಮಪುಲಾ ಟಾರ್ಚ್ ಹಿಡಿದು ನೋಡಿದಳು. ಪೊರೆ ಹೋಗಿ ನಾಲಗೆ ಕೆಂಪಗಿತ್ತು. ಅಂಗಳದ ಮಜ್ಜಿಗೆ ಹುಲ್ಲು ಕುದಿಸಿ, ಆರಿಸಿ, ಮುಕ್ಕಳಿಸಲು ಕೊಟ್ಟವಳು ಅವಳೇ. ಪ್ರಿಟೋರಿಯಾದ ಉತ್ತರಕ್ಕಿರುವ ಆ ಊರಿನ ಕ್ಲಿನಿಕ್ಕಿನಲ್ಲಿ ಇದಕ್ಕೆ ನೇರಳೆ ಬಣ್ಣದ ಔಷಧ ಹಚ್ಚುತ್ತಿದ್ದರು. ಅದರಿಂದಲೂ ಗುಣವಾಗುತ್ತಿತ್ತು, ಆದರೆ ತುಟಿಯ ಬಣ್ಣ ಬೇಗ ಹೋಗುತ್ತಿರಲಿಲ್ಲ. ನೇರಳೆ ತುಟಿ ಕಂಡರೆ ಏಡ್ಸ್ ಎಂದು ಊರೆಲ್ಲ ತೀರ್ಮಾನಿಸುತ್ತಿತ್ತು. ಚರ್ಚಿನಲ್ಲಿ ಹೆಂಗಸರ ಗುರುವಾರದ ಪ್ರಾರ್ಥನೆಗೆ ಹಾಗೆ ಬಂದವಳೊಬ್ಬಳ ಬೆಂಚು ಖಾಲಿಯಾದದ್ದನ್ನು ಅಕ್ಕತಂಗಿಯರು ಕಂಡಿದ್ದರು. ಅವರೂ ಎದ್ದು ಬೇರೆ ಕಡೆ ಕೂತಿದ್ದರು.

ಹುಲ್ಲು ಕುದಿಸುವ ಮೊದಲು ಮಪುಲಾ ಮಾತು ತೆಗೆದುಕೊಂಡಿದ್ದಳು: ಬಾಯಿ ವಾಸಿಯಾದ ಕೂಡಲೇ ರಕ್ತ ಪರೀಕ್ಷೆ ಮಾಡಿಸಬೇಕು. ಮಾತಾಡಲಾಗದ ಕೆದಿಬೋನೆ ತಲೆಯಾಡಿಸಿದ್ದಳು.

"ಏಳೇ, ಟ್ಯಾಕ್ಸಿ ಹಿಡಿಯೋಣ."

"ಎಲ್ಲಿಗೆ? ಪ್ರಾರ್ಥನೆ ಮಧ್ಯಾಹ್ನ ತಾನೆ?"

"ಕ್ಲಿನಿಕ್ಕಿಗೆ. ತಲೆ ಆಡಿಸಿದ್ದು ಮರೆತೋಯ್ತಾ?"

"ಬಾಯಲ್ಲಿ ಹುಣ್ಣಿತ್ತು, ಹೋಯ್ತು. ಇನ್ನೇನ್ ಪರೀಕ್ಷೆ? ನಿನ್ ಕೈಗುಣ ದೊಡ್ಡದು ಅಕ್ಕಾ. ಡಾಕ್ಟ್ರಮ್ಮ ಅಂತ ಬೋರ್ಡ್ ಹಾಕ್ಸು."

"ಹುಲ್ಲು ಬಾಯಿ ತೊಳೆದಿದೆ, ಅಷ್ಟೇ ಕಣೇ. ಮೈ ನೋಡ್ಕೊ. ಸ್ಕರ್ಟ್ ಜಾರ್ದೆ ಇರ್ಲಿ ಅಂತ ಪಿನ್ನು ಚುಚ್ಕೊಂಡಿದ್ದೀಯ."

"ತಿಂದ್ರೆ ತುಂಬ್ಕೊಳ್ಳುತ್ತೆ. ಇನ್ನೊಂದು ಸೌಟು ಹಾಕು."

ಮಪುಲಾ ಹಾಕಿದಳು. ತಂಗಿ ಬಟ್ಟಲು ಕೆರೆದು ತಿನ್ನುವುದನ್ನು ನೋಡುತ್ತ ಅವಳಿಗೆ ಜಗಳ ಮುಂದುವರಿಸುವ ಮನಸ್ಸಾಗಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡಳು.

ಮಧ್ಯಾಹ್ನ ಇಬ್ಬರೂ ಸಮವಸ್ತ್ರದ ಕೆಂಪು ರವಿಕೆ, ಬಿಳಿ ಟೋಪಿ ತೊಟ್ಟು ಪ್ರಾರ್ಥನೆಗೆ ಹೋದರು. ಕೆದಿಬೋನೆಯೇ ಹಾಡು ಎತ್ತಿಕೊಟ್ಟಳು.

"ಏನಮ್ಮಾ, ಇಷ್ಟು ಸಣ್ಣ ಆಗಿದ್ದೀಯ? ಯಾರನ್ನ ಬಲೆಗೆ ಹಾಕೋಕೆ?" ಎಂದಳು ಪಕ್ಕದವಳು.

"ಅಕ್ಕನ ಅಡುಗೆ ತಿಂದ್ರೆ ಇನ್ನೇನಾಗುತ್ತೆ?"

ಎಲ್ಲರೂ ನಕ್ಕರು. ಮಪುಲಾ ಕೂಡ ನಕ್ಕಳು. ಪಕ್ಕದವಳು ಬೆಂಚು ಬಿಟ್ಟು ಏಳಲಿಲ್ಲ.

ಮರುದಿನವೂ ಆ ಮಾತು ಬರಲಿಲ್ಲ. ಆಮೇಲೆ ಬಂದಾಗಲೆಲ್ಲ ಕೆದಿಬೋನೆ ಬಾಯಿ ತೆರೆದು ತೋರಿಸುತ್ತಿದ್ದಳು. ಅಲ್ಲಿ ಚಳಿಗಾಲವಾದ ಜುಲೈನಲ್ಲಿ ಪೊರೆ ಮತ್ತೆ ಬಂತು, ಈ ಸಲ ಗಂಟಲಿನಿಂದಲೂ ಕೆಳಗೆ. ಮುಕ್ಕಳಿಸಿದ ಕಷಾಯ ಅಲ್ಲಿಗೆ ಮುಟ್ಟಲಿಲ್ಲ. ನುಂಗಲು ಕೊಟ್ಟರೆ ವಾಪಸ್ಸು ಬಂತು. ಮಪುಲಾ ಅವಳನ್ನು ಕಂಬಳಿಯಲ್ಲಿ ಸುತ್ತಿ ಕ್ಲಿನಿಕ್ಕಿಗೆ ಒಯ್ದಳು. ನರ್ಸು ರಕ್ತ ತೆಗೆದುಕೊಂಡು, ಫಲಿತಾಂಶಕ್ಕೆ ಮುಂದಿನ ವಾರ ಬರಲು ಹೇಳಿದಳು.

ಅದು ಬರುವ ಮೊದಲೇ, ಆ ಶನಿವಾರ ಬೆಳಿಗ್ಗೆ ಕೆದಿಬೋನೆಯನ್ನು ಮಣ್ಣು ಮಾಡಿದರು. ಸೋಮವಾರ ಮಪುಲಾ ತಂಗಿಯ ಫಲಿತಾಂಶಕ್ಕೆಂದು ಕ್ಲಿನಿಕ್ಕಿಗೆ ಹೋಗಿ, ತನ್ನ ರಕ್ತವನ್ನೂ ಪರೀಕ್ಷೆಗೆ ಕೊಟ್ಟಳು.