ಕೆಳಗೆ ಕಂಬವಿಲ್ಲದ ಕೋಣೆ

ಅಲ್ಲಾಡುವ ಮೇಜಿನ ಮುಂದೆ ಕೂತು ಚಕ್ರಪಾಣಿ ಒಂದು ತುತ್ತು ತಿಂದದ್ದನ್ನು ಯಾರೂ ಕಂಡಿಲ್ಲ. ಸಿಡ್ನಿಯ ಪ್ಯಾರಮಟ್ಟಾದ ಹೋಟೆಲಾಗಲಿ, ಎಪ್ಪಿಂಗ್‌ನಲ್ಲಿ ಯಾರದೋ ಮನೆಯ ಯುಗಾದಿ ಊಟವಾಗಲಿ, ಕುರ್ಚಿ ಎಳೆದುಕೊಂಡ ಕೂಡಲೇ ಅವನ ಅಂಗೈ ಮೇಜಿನ ಮೂಲೆಯನ್ನು ಮೆತ್ತಗೆ ಒತ್ತಿ ನೋಡುತ್ತದೆ. ಅದು ಕೂದಲೆಳೆಯಷ್ಟು ತೊನೆದರೂ ಜೇಬಿನಿಂದ ಹಳೆಯ ರಸೀದಿಯೊಂದು ಹೊರಬಂದು, ಮಡಿಕೆಯ ಮೇಲೆ ಮಡಿಕೆಯಾಗಿ, ಗಿಡ್ಡ ಕಾಲಿನ ಅಡಿ ಸೇರುತ್ತದೆ. ಬಡಿಸುವವರು ಸಾರಿನ ಪಾತ್ರೆ ಹಿಡಿದು ಕಾಯುತ್ತಾರೆ, ಮಕ್ಕಳು ನಗುತ್ತಾರೆ, ಮೇಜಿನಡಿಯಿಂದ ಎದ್ದ ಚಕ್ರಪಾಣಿ ಮಂಡಿ ಕೊಡವಿಕೊಂಡು, ಇನ್ನೊಮ್ಮೆ ಒತ್ತಿ ನೋಡಿ, ತನಗೆ ತಾನೇ ಎಂಬಂತೆ ಹೇಳುತ್ತಾನೆ: "ಹ್ಞಾಂ. ಕೂತ್ಕೊಳ್ತು."

"ಮೊದ್ಲು ಟೇಬಲ್ಲಿಗೆ ಬಡಿಸ್ರಪ್ಪಾ, ಆಮೇಲೆ ಇವ್ನಿಗೆ," ಎಂದು ಗೆಳೆಯ ಸುಘೋಷ್ ಪ್ರತಿ ಸಲವೂ ಅದೇ ಮಾತು ಹೇಳುತ್ತಾನೆ; ಪ್ರತಿ ಸಲವೂ ಎಲ್ಲರೂ ನಗುತ್ತಾರೆ. ಹೆಂಡತಿ ಸುಜಾತಾ ಮಾತ್ರ ಮದುವೆಯಾದ ಹೊಸತರಲ್ಲೇ ನಕ್ಕು ಮುಗಿಸಿದ್ದಳು.

ಅವನ ನಡಿಗೆಯೂ ಹಾಗೆಯೇ. ಪಾದದ ಮುಂಭಾಗ ಮೊದಲು ನೆಲವನ್ನು ವಿಚಾರಿಸುತ್ತದೆ, ನೆಲ ಒಪ್ಪಿದ ಮೇಲೆ ಹಿಮ್ಮಡಿ ಇಳಿಯುತ್ತದೆ. ಬೆಳಗಿನ ರೈಲು ಹಿಡಿಯುವ ಗಡಿಬಿಡಿಯಲ್ಲಿ ಅವನ ಹಿಂದೆ ಸಿಕ್ಕಿಬಿದ್ದವರು ಗೊಣಗಿಕೊಂಡೇ ಪಕ್ಕದಿಂದ ಹಾದುಹೋಗುತ್ತಾರೆ. ಕಟ್ಟುತ್ತಿರುವ ಕಟ್ಟಡಗಳಲ್ಲಿ ಕಾಂಕ್ರೀಟು ಸುರಿಯುವ ಮೊದಲು ಅದರ ಕೆಳಗಿನ ಆಸರೆಗಳನ್ನು ಪರೀಕ್ಷಿಸಿ ಒಪ್ಪಿಗೆ ಕೊಡುವುದು ಅವನ ಉದ್ಯೋಗ. ಆ ಉದ್ಯೋಗದ ಕಿತ್ತಳೆ ಬಣ್ಣದ, ಬೆಳ್ಳಿಪಟ್ಟಿಯ ಜಾಕೆಟ್ಟನ್ನು ಅವನು ತರಕಾರಿ ಅಂಗಡಿಗೂ ದೇವಸ್ಥಾನಕ್ಕೂ ತೊಟ್ಟು ಹೋಗುತ್ತಾನೆ. "ರೀ, ಅದಿಲ್ದಿದ್ರೆ ದೇವ್ರಿಗೆ ನೀವು ಕಾಣ್ಸಲ್ವಾ?" ಎಂದು ಸುಜಾತಾ ಕೇಳಿದ್ದುಂಟು. ದೇವರ ಮೇಲೂ ಏನಾದರೂ ಬೀಳಬಹುದೆಂಬ ಮುಖ ಮಾಡಿ ಅವನು ಗರ್ಭಗುಡಿಯ ಚಾವಣಿಯನ್ನು ನೋಡುತ್ತ ನಿಂತಿದ್ದ.

ಇದರ ಬೇರು ಚಿತ್ರದುರ್ಗದಲ್ಲಿದೆ. ಅವನು ಹೊಸ ಎಂಜಿನಿಯರ್ ಆಗಿದ್ದಾಗ ಒಂದು ಕಲ್ಯಾಣ ಮಂಟಪದ ಮುಂಭಾಗಕ್ಕೆ ಅಗಲವಾದ ಸಜ್ಜ ಹಾಕಿಸಿದ್ದ. ಗೋಡೆಯಿಂದ ಹೊರಗೆ ಚಾಚಿಕೊಂಡ, ತುದಿಯಲ್ಲಿ ಕಂಬವೇ ಇಲ್ಲದ ಸಜ್ಜ. ಕಾಂಕ್ರೀಟು ಗಟ್ಟಿಯಾಗುವ ತನಕ ಅದನ್ನು ಸರ್ವೆ ಮರದ ಕಂಬಗಳು ಹೊತ್ತಿರಬೇಕಿತ್ತು. ಚಕ್ರಪಾಣಿ ರಜೆಯಲ್ಲಿದ್ದಾಗ, ಉದ್ಘಾಟನೆಯ ಮುಹೂರ್ತ ಹತ್ತಿರ ಬಂತೆಂದು ಮಾಲೀಕ ಕಂಬಗಳನ್ನು ಬಿಚ್ಚಿಸಿದ. ಸಜ್ಜ ಕುಸಿದಾಗ, ಕೊನೆಯ ಕಂಬ ಎಳೆದ ದ್ಯಾಮಣ್ಣ ಎಂಬ ಕೂಲಿಯಾಳು ಅದರ ಕೆಳಗೇ ಇದ್ದ. ಸುದ್ದಿ ತಿಳಿದು ಓಡಿಬಂದ ಚಕ್ರಪಾಣಿ ಏನು ಕಂಡನೆಂಬುದನ್ನು ಸುಜಾತಾಗೆ ಮದುವೆಯ ಮೊದಲ ವರ್ಷ ಒಮ್ಮೆ ಹೇಳಿದ್ದ. ಆಮೇಲೆ ಆ ಮಾತು ಎತ್ತಲಿಲ್ಲ. ಅವಳು ಆ ದಿನವೇ ಒಂದು ಸಂಗತಿ ಅರಿತುಕೊಂಡಳು: ಈ ಮನುಷ್ಯನಿಗೆ, ಕೆಳಗೆ ಆಸರೆಯಿಲ್ಲದೆ ನಿಂತದ್ದೆಲ್ಲ ಬೀಳಲು ಹೊರಟದ್ದೇ.

ಹಾಗಾಗಿ ಅವಳೇ ಬೀಳತೊಡಗಿದಾಗ ಅವನು ಏನು ಮಾಡುವನೆಂಬುದು ಅವಳಿಗೆ ಮೊದಲೇ ಗೊತ್ತಿತ್ತು.

ಕ್ವೇಕರ್ಸ್ ಹಿಲ್‌ನ ತಮ್ಮ ಮನೆಯ ಅಡುಗೆಮನೆಯಲ್ಲಿ ಕಾಫಿ ಲೋಟವೊಂದು ಕೈಜಾರಿದ್ದರಿಂದ ಅದು ಶುರುವಾಯಿತು. ಸ್ನಾಯುಗಳು ಒಂದೊಂದಾಗಿ ಕೆಲಸ ಬಿಡುವ, ಮದ್ದಿಲ್ಲದ ಕಾಯಿಲೆ. ಮೊದಲು ಬೆರಳು, ಆಮೇಲೆ ಕಾಲು, ಆಮೇಲೆ ಕತ್ತು, ಈಗ ನಾಲಿಗೆ ಮತ್ತು ಗಂಟಲು. ಚಕ್ರಪಾಣಿ ಬಚ್ಚಲಿನಲ್ಲಿ ಉಕ್ಕಿನ ಹಿಡಿಕೆ ಕೂರಿಸಿದ, ಫೋಮ್ ಕೊಯ್ದು ಅವಳ ಮೊಣಕೈಯ ಅಳತೆಗೆ ಗುಳಿ ಮಾಡಿದ, ತಲೆ ವಾಲದಂತೆ ಕತ್ತಿಗೊಂದು ಪಟ್ಟಿ ಕಟ್ಟಿದ. ಪ್ರತಿ ದಿಂಬಿಟ್ಟ ಮೇಲೂ ಬಗ್ಗಿ ಕೇಳುತ್ತಿದ್ದ: "ಕೂತ್ಕೊಳ್ತಾ?" ಅವಳ ತೊದಲು ಮಾತು ಅವನೊಬ್ಬನಿಗೇ ಅರ್ಥವಾಗುತ್ತಿತ್ತು. ಫೋನಿನಲ್ಲಿ ಮೆಲ್ಬರ್ನ್‌ನ ಮಗಳು ಮಧುರಾ, "ವಾಟ್ ಡಿಡ್ ಶೀ ಸೇ, ಅಪ್ಪಾ?" ಎಂದು ಕೇಳುವಳು, ಅವನು ಬಿಡಿಸಿ ಹೇಳುವನು. ಹೆಂಡತಿಯ ನಾಲಿಗೆಗೂ ಅವನೇ ಆಸರೆಯಾಗಿದ್ದ.

ಆಸ್ಪತ್ರೆಯಲ್ಲಿ ಡಾಕ್ಟರು ನೇರವಾಗಿಯೇ ಮಾತಾಡಿದರು. ಹೊಟ್ಟೆಗೆ ಟ್ಯೂಬ್ ಹಾಕಿ ಆಹಾರ ಕೊಡಬಹುದು, ಉಸಿರಿಗೆ ಮೆಷಿನ್ ಇಡಬಹುದು. ಇಟ್ಟರೆ ಇನ್ನಷ್ಟು ಕಾಲ, ಇಡದಿದ್ದರೆ ಬಹುಶಃ ಬೇಸಿಗೆಯವರೆಗೆ. ಯಾವುದು ಬೇಕೆಂದು ಹೇಳಬೇಕಾದವಳು ಸುಜಾತಾ. ಅವಳು ಉಸಿರು ಕೂಡಿಸಿಕೊಂಡು, ಗಂಡನ ಕಡೆ ಕಣ್ಣು ಹೊರಳಿಸಿ ಹೇಳಿದಳು: "ಬೇಡ ರೀ. ಎರಡೂ ಬೇಡ. ಹೇಳಿ ಅವ್ರಿಗೆ."

ಚಕ್ರಪಾಣಿ ಡಾಕ್ಟರ ಕಡೆ ತಿರುಗಿ ಇಂಗ್ಲಿಷಿನಲ್ಲಿ ಹೇಳಿದ, ಅವಳಿಗೆ ಯೋಚಿಸಲು ಸ್ವಲ್ಪ ಸಮಯ ಬೇಕಂತೆ.

ತಲೆಯಾಡಿಸಿ ಅಲ್ಲವೆನ್ನಲು ಅವಳು ಹವಣಿಸಿದಳು. ಕತ್ತು ಅವನು ಕಟ್ಟಿದ ಪಟ್ಟಿಯೊಳಗಿತ್ತು. ಡಾಕ್ಟರು ಮುಂದಿನ ತಿಂಗಳ ಒಂದು ದಿನ ಗೊತ್ತು ಮಾಡಿ ಎದ್ದರು.

ಅದಕ್ಕೆ ಮೊದಲು ಮಧುರಾಳ ಹೊಸ ಮನೆ ಒಮ್ಮೆ ನೋಡಬೇಕೆಂದು ಸುಜಾತಾ ಹಟ ಹಿಡಿದಳು. ವಿಮಾನದ ಸೀಟಿನಲ್ಲಿ ಅವಳನ್ನು ಕೂರಿಸಲಾಗದು, ಮೋಟೆಲ್ ಕೋಣೆಗಳಲ್ಲಿ ಹಾಸಿಗೆಯ ಸುತ್ತ ಓಡಾಡಲು ಜಾಗವಿರದು. ಚಕ್ರಪಾಣಿ ಕಾರಿನ ಹಿಂದೆ ಎಳೆದೊಯ್ಯುವ ಮನೆಯಂಥ ಹಳೆಯ ಕ್ಯಾರವಾನ್ ಒಂದನ್ನು ಕೊಂಡ. ಅದರ ವಿಶೇಷ ಸ್ಲೈಡ್‌ಔಟ್: ಕ್ಯಾಂಪ್ ತಲುಪಿದ ಮೇಲೆ ಬಟನ್ ಒತ್ತಿದರೆ ಒಂದು ಪಕ್ಕದ ಗೋಡೆಯೇ, ಬೀರುವಿನ ಡ್ರಾಯರ್ ಎಳೆದಂತೆ, ಮಂಚದ ಸಮೇತ ಹೊರಗೆ ಸರಿದು ನಿಲ್ಲುತ್ತದೆ, ಒಳಗೆ ವೀಲ್‌ಚೇರ್ ತಿರುಗುವಷ್ಟು ಜಾಗವಾಗುತ್ತದೆ. ಹಾಗೆ ಹೊರಬಂದ ಭಾಗದ ಕೆಳಗೆ ಏನೂ ಇರುವುದಿಲ್ಲ, ಬರೀ ಗಾಳಿ. ಮಾರಿದವನು ಎರಡೆರಡು ಸಲ ಹೇಳಿದ: ಕೆಳಗೆ ಏನನ್ನೂ ಇಡಬೇಡಿ, ಅದರ ಭಾರವನ್ನು ಒಳಗಿನ ಹಳಿಗಳೇ ಹೊರುತ್ತವೆ. ಚಕ್ರಪಾಣಿ ತಲೆಯಾಡಿಸಿದ. ಮನೆಗೆ ಬರುವ ದಾರಿಯಲ್ಲೇ ಅಂಗಡಿಯ ಮುಂದೆ ಕಾರು ನಿಲ್ಲಿಸಿ ಒಂದು ಜೊತೆ ಜಾಕ್ ಕೊಂಡ.

"ಬೇಡ ಅಂದ್ರಲ್ಲಾ," ಎಂದಳು ಸುಜಾತಾ.

"ಮಾರೋವ್ನು ಮಲಗ್ತಾನೇನೇ ಅದ್ರಲ್ಲಿ? ಮಲಗೋಳು ನೀನು."

ಹೊರಟ ದಿನ ಮಧ್ಯಾಹ್ನ ಕಳೆದ ಮೇಲೆ ಅರ್ಧದಾರಿ ದಾಟಿ, ಆಲ್ಬರಿ ಎಂಬ ಊರಿನ ಹತ್ತಿರ, ನದಿಯ ದಂಡೆಯ ಕ್ಯಾರವಾನ್ ಪಾರ್ಕೊಂದರಲ್ಲಿ ತಂಗಿದರು. ಕಾರಿನೊಳಗೆ ಕೂತು, ಪಕ್ಕದ ಕನ್ನಡಿಯಲ್ಲಿ ಗಂಡ ಸಣ್ಣಗಾಗಿ ಓಡಾಡುವುದನ್ನು ಸುಜಾತಾ ನೋಡಿದಳು. ಕೆಲಸದಲ್ಲಿ ಅವನು ಚೆಂದ ಕಾಣುವ ಮನುಷ್ಯ. ಬಾಗಿಲ ಹೊಸ್ತಿಲ ಮೇಲೆ ರಸಮಟ್ಟವಿಟ್ಟು ಅದರ ಗುಳ್ಳೆ ಯಾವ ಕಡೆ ಓಡುತ್ತದೆಂದು ನೋಡಿದ. ತಗ್ಗಿನ ಕಡೆಯ ಚಕ್ರವನ್ನು ಹಲಗೆಯ ಮೇಲೆ ಹತ್ತಿಸಿದ. ಚಕ್ರ ಉರುಳದಂತೆ ಹಿಂದೆ ಮುಂದೆ ಮರದ ತುಂಡು ಬಡಿದ. ಆಮೇಲಷ್ಟೇ ಕಾರಿನ ಕೊಂಡಿ ಬಿಚ್ಚಿ, ಗಾಡಿಯ ಮೂತಿಯನ್ನು ಏರಿಸಿ ಇಳಿಸಿ ಮಟ್ಟಕ್ಕೆ ತಂದು, ಮೂಲೆಯ ಕಾಲುಗಳನ್ನು ಇಳಿಬಿಟ್ಟ. ಗುಳ್ಳೆ ನಡುವೆ ನಿಂತಿತು. ಕೊನೆಗೆ ಬಟನ್ ಒತ್ತಿದ, ಕೋಣೆ ಹೊರಗೆ ಚಾಚಿತು. ಇಲ್ಲಿಗೆ ಮುಗಿಯಬೇಕಿತ್ತು. ಅವನು ಜಾಕ್‌ಗಳನ್ನು ತಂದು ಚಾಚಿದ ಕೋಣೆಯ ಹೊರ ಅಂಚಿನ ಕೆಳಗೆ ನಿಲ್ಲಿಸಿ, ತಿರುಪು ಸುತ್ತಿ, ಬಿಗಿಯಾದ ಮೇಲೂ ಇನ್ನರ್ಧ ಸುತ್ತು ಸುತ್ತಿದ. ಅವನ ತುಟಿ ಆಡಿದ್ದು ಕನ್ನಡಿಯಲ್ಲಿ ಕಂಡಿತು. ಏನೆಂದನೆಂಬುದು ಅವಳಿಗೆ ಕೇಳಬೇಕಾಗಿರಲಿಲ್ಲ.

ರಾತ್ರಿಯಿಡೀ ಮಳೆ ಹೊಯ್ಯಿತು. ಕ್ಯಾರವಾನಿನ ಚಕ್ರ, ಕಾಲುಗಳೆಲ್ಲ ಹುಲ್ಲುನೆಲದ ಮೇಲಿದ್ದವು. ಜಾಕ್‌ಗಳು ನಿಂತದ್ದು ಪಕ್ಕದಲ್ಲಿ ಕುರ್ಚಿ ಹಾಕಿಕೊಳ್ಳಲೆಂದು ಹಾಸಿದ್ದ ಕಾಂಕ್ರೀಟಿನ ಮೇಲೆ. ಹುಲ್ಲುನೆಲ ನೆನೆದು ಮೆತ್ತಗಾಗಿ ಗಾಡಿ ಇಳಿಯಿತು, ಕಾಂಕ್ರೀಟು ಇಳಿಯಲಿಲ್ಲ. ಬೆಳಕು ಹರಿಯುವಾಗ ಸುಜಾತಾ ಎಚ್ಚರವಾಗಿದ್ದಳು. ಶೆಲ್ಫಿನ ಮೇಲಿನ ಲೋಟದಲ್ಲಿ ನೀರು ಓರೆಯಾಗಿತ್ತು. ಹಾಸಿಗೆ ಅವಳನ್ನು ಗೋಡೆಯಿಂದ ಒಳಕ್ಕೆ ಮೆಲ್ಲಗೆ ದೂಡುತ್ತಿತ್ತು. ತಡೆಯಲು ಕೈ ಏಳದು, ಕೂಗಲು ಉಸಿರು ಸಾಲದು. ತಲೆಯ ಹಿಂದೆ ಎಲ್ಲೋ ಲೋಹ ಮುರಿದ ಸದ್ದಾಯಿತು. ಚಕ್ರಪಾಣಿ ಎದ್ದು ಬರುವಷ್ಟರಲ್ಲಿ ಅವಳು ಮಂಚದ ಅಂಚಿಗೆ ಬಂದಿದ್ದಳು, ಅವನು ಹಿಡಿದುಕೊಂಡ.

ಆಲ್ಬರಿಯಿಂದ ಬಂದ ರಿಪೇರಿಯವನು ಕೆಳಗೆ ಬಗ್ಗಿ ನೋಡಿ ಎದ್ದ. ಅವನ ಇಂಗ್ಲಿಷಿನ ಸಾರಾಂಶ ಇಷ್ಟು: ಬೀರು ಕುಸಿದಿದೆ, ಡ್ರಾಯರನ್ನು ಮಾತ್ರ ನೀವು ಎತ್ತಿ ಹಿಡಿದಿದ್ದೀರಿ, ಹಳಿ ಬಾಗದೆ ಇನ್ನೇನಾಗಬೇಕು? ಇನ್ನು ಇದು ಒಳಗೆ ಸರಿಯದು, ಸರಿಯದೆ ಗಾಡಿ ರಸ್ತೆಗೆ ಇಳಿಯದು. ಜಾಕ್ ಇಟ್ಟವರು ಯಾರು?

"ನಾನೇ," ಎಂದ ಚಕ್ರಪಾಣಿ. ಕಿತ್ತಳೆ ಜಾಕೆಟ್ಟಿನ ಮೇಲೆ ಅವನ ಉದ್ಯೋಗ ದಪ್ಪ ಅಕ್ಷರದಲ್ಲಿ ಬರೆದಿತ್ತು. ರಿಪೇರಿಯವನು ಅದನ್ನು ಓದಿ ಮತ್ತೆ ಹಳಿಯ ಕಡೆ ಬಗ್ಗಿದ.

ಜಾಕ್ ತೆಗೆಯುವ ಕೆಲಸವನ್ನು ತಾನೇ ಮಾಡುತ್ತೇನೆಂದ ಚಕ್ರಪಾಣಿ. ವೀಲ್‌ಚೇರಿನಲ್ಲಿ, ಪ್ಲಾಸ್ಟಿಕ್ ಮಾಡಿನ ಕೆಳಗೆ ಸುಜಾತಾ ನೋಡುತ್ತಿದ್ದಳು. ಮೊದಲನೆಯದನ್ನು ಸಡಿಲಿಸಿ ಎಳೆದ, ಎರಡನೆಯದನ್ನು ಎಳೆದ. ಕೋಣೆ ನರಳಿ, ಬೆರಳ ದಪ್ಪ ಕೆಳಗಿಳಿದು, ನಿಂತಿತು. ಅವನು ಎರಡೂ ಅಂಗೈಗಳನ್ನು ಅದರ ತಳಕ್ಕೆ ತಾಗದಂತೆ ಚಾಚಿ, ಮಂಡಿಯೂರಿ, ಕಾದ. ಏನೂ ಬೀಳಲಿಲ್ಲ.

ಅವಳಿಗೆ ನಗು ಬಂತು. ತಡೆಯಲಾಗದ ನಗು ಈ ಕಾಯಿಲೆಯ ಒಂದು ಲಕ್ಷಣ. ಅಂದಿನದು ಕಾಯಿಲೆಯದೋ ಅವಳದೋ ಹೇಳುವುದು ಕಷ್ಟ.

"ನಗೇ, ನಗು," ಎಂದ ಅವನು, ಕೈ ಒರೆಸಿಕೊಳ್ಳುತ್ತ.

ನಗು ಇಳಿದ ಮೇಲೆ ಅವಳು ಪದಕ್ಕೊಂದು ಉಸಿರಿನಂತೆ ಹೇಳಿದಳು. "ಅವತ್ತು. ಡಾಕ್ಟರ ಹತ್ರ. ನಾನ್ ಹೇಳಿದ್ದು. ಅದಲ್ಲ."

"ಗೊತ್ತು."

"ಗೊತ್ತಿದ್ದೂ?"

ಅವನು ಜಾಕ್‌ನ ಕೆಸರನ್ನು ಹುಲ್ಲಿಗೆ ಒರೆಸಿದ, ತಿರುಗಿಸಿ ಮತ್ತೆ ಒರೆಸಿದ. "ಇದು ನಿಂತ್ಕೊಳ್ತು, ಸುಜಿ. ನೀನು ನಿಲ್ಲಲ್ಲ. ತೆಗೆದ್ರೆ ಬೀಳ್ತೀಯ."

"ಹೌದು," ಎಂದಳು. "ಬೀಳ್ತೀನಿ."

ಅವನು ಎದ್ದು ಬಂದು ಅವಳ ಬೆನ್ನ ಹಿಂದೆ ಟವೆಲ್ ಮಡಿಸಿಟ್ಟು, ಅಭ್ಯಾಸದಂತೆ ಕೇಳಿದ: "ಕೂತ್ಕೊಳ್ತಾ?" ಕೂತಿರಲಿಲ್ಲ, ಮಡಿಕೆ ಮೂಳೆಗೆ ಒತ್ತುತ್ತಿತ್ತು. ಹೂಂ ಎಂದಳು. ಆ ಕ್ಷಣ ಅವನಿಗೆ ಕೊಡಲು ಅವಳಲ್ಲಿ ಬೇರೇನೂ ಇರಲಿಲ್ಲ.

ಮಧುರಾ ಮೆಲ್ಬರ್ನ್‌ನಿಂದ ಕಾರು ಓಡಿಸಿಕೊಂಡು ಬಂದಳು. ಬಾಗಿದ ಹಳಿ ನೋಡಿದಳು, ಪಕ್ಕದಲ್ಲಿ ಒರಗಿದ್ದ ಜಾಕ್‌ಗಳನ್ನು ನೋಡಿದಳು. "ಅಪ್ಪಾ, ದೇ ಟೋಲ್ಡ್ ಯು. ವೈ ಡೋಂಟ್ ಯು ಎವರ್ ಲಿಸನ್?" ಅವಳು ಕೇಳಿದ್ದು ಕ್ಯಾರವಾನಿನ ಬಗ್ಗೆ. ಚಕ್ರಪಾಣಿ ಹೆಂಡತಿಯ ಮುಖ ನೋಡಿದ. ಕೆಟ್ಟ ಗಾಡಿಯನ್ನೂ ತಮ್ಮ ಕಾರನ್ನೂ ಅಲ್ಲೇ ಬಿಟ್ಟು, ಸುಜಾತಾಳನ್ನು ಮಗಳ ಕಾರಿನ ಮುಂದಿನ ಸೀಟಿಗೆ ಹೇಗೋ ಹೊಂದಿಸಿ ಮೆಲ್ಬರ್ನ್‌ಗೆ ಹೊರಟರು. ದಾರಿಯುದ್ದ ಹಿಂದಿನ ಸೀಟಿನಿಂದ ಅವನ ಎರಡು ಕೈಗಳು ಅವಳ ತಲೆಯನ್ನು ಹಿಡಿದಿದ್ದವು.

ಮಗಳ ಮನೆ ಪುಟ್ಟದು, ಬಿಸಿಲು ಬರುವಂಥದು. ಅಲ್ಲಿ ಎರಡು ದಿನ ಕಳೆಯುವಷ್ಟರಲ್ಲಿ ಮಧುರಾ ಅಮ್ಮನ ಮಾತು ಹಿಡಿಯಲು ಕಲಿತಳು, ಕಲಿತ ಮೇಲೆ ಅಮ್ಮ ಹೇಳಬೇಕಾದ್ದನ್ನು ಹೇಳಿದಳು. ಆ ಸಂಜೆ ಬಚ್ಚಲುಮನೆಯಲ್ಲಿ ನಲ್ಲಿ ಬಹಳ ಹೊತ್ತು ಸುರಿಯಿತು. ಹೊರಗೆ ಬಂದವಳು ಅಪ್ಪನ ಪಕ್ಕ ಸೋಫಾದಲ್ಲಿ ಕೂತಳು. ಇಬ್ಬರೂ ಟಿವಿ ನೋಡಿದರು, ಟಿವಿ ಆನ್ ಆಗಿರಲಿಲ್ಲ.

ಮಗಳ ಕಾರಿನಲ್ಲಿ ಆಲ್ಬರಿಗೆ ಬಂದು, ಹಳಿ ಬದಲಾಯಿಸಿದ ಕ್ಯಾರವಾನಿನಲ್ಲೇ ಸಿಡ್ನಿಗೆ ಮರಳಿದರು. ದಾರಿಯ ಕ್ಯಾಂಪಿನಲ್ಲಿ ಅವನು ಎಂದಿನಂತೆ ಮಟ್ಟ ನೋಡಿದ, ಕೋಣೆ ಚಾಚಿದ, ಕೆಳಗೆ ಏನೂ ಇಡಲಿಲ್ಲ. ನಿದ್ದೆಯನ್ನೂ ಮಾಡಲಿಲ್ಲವೆಂಬುದು ಬೆಳಿಗ್ಗೆ ಅವನ ಕಣ್ಣಿನಲ್ಲಿತ್ತು.

ಆಸ್ಪತ್ರೆಯಲ್ಲಿ ಈ ಸಲ ಬೇರೆ ಕೋಣೆ. ಒಳಗೆ ಹೋಗುವ ಮೊದಲು ಕಾರಿಡಾರಿನಲ್ಲಿ ಚಕ್ರಪಾಣಿ ಅವಳ ಕತ್ತಿನ ಪಟ್ಟಿ ಬಿಚ್ಚಿ ಜಾಕೆಟ್ಟಿನ ಜೇಬಿಗೆ ತುರುಕಿದ. ಡಾಕ್ಟರು ಅದೇ ಪ್ರಶ್ನೆ ಕೇಳಿದರು. ಸುಜಾತಾ ಹೇಳಿದಳು, ಹೇಳುತ್ತ ತಲೆಯನ್ನೂ ಆಡಿಸಿದಳು. ಅದು ಒಂದು ಕಡೆಗೆ ವಾಲಿತು, ವಾಲಿದ್ದನ್ನು ಎತ್ತಲು ಯಾರ ಕೈಯೂ ಬರಲಿಲ್ಲ. ಡಾಕ್ಟರು ಗಂಡನ ಕಡೆ ನೋಡಿದರು. ಅವನು ಇಂಗ್ಲಿಷಿನಲ್ಲಿ ಹೇಳಿದ, ಅವಳಿಗೆ ಟ್ಯೂಬೂ ಬೇಡವಂತೆ, ಮೆಷಿನ್ನೂ ಬೇಡವಂತೆ. ಯೋಚನೆ ಮಾಡಿಯೇ ಹೇಳುತ್ತಿದ್ದಾಳೆ.

ಡಾಕ್ಟರು ಬರೆಯತೊಡಗಿದರು. ಮೇಜು ಅಲ್ಲಾಡುತ್ತಿತ್ತು.

ವಾಲಿದ ತಲೆಯ ಕೋನದಿಂದ ಸುಜಾತಾಗೆ ಎಲ್ಲವೂ ಓರೆಯಾಗಿ ಕಾಣುತ್ತಿತ್ತು: ಮೇಜಿನ ಗಿಡ್ಡ ಕಾಲು, ಅದನ್ನೇ ನೋಡುತ್ತಿರುವ ಗಂಡನ ಕಣ್ಣು, ಜೇಬಿಗೆ ಹೋದ ಅವನ ಕೈ. ಜೇಬಿನೊಳಗೆ ಕಾಗದ ಸರಪರ ಎಂದಿತು. ಕೈ ಬರಿದಾಗಿ ಹೊರಬಂತು. ಅವನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಅದುಮಿಕೊಂಡು ಕೂತ. ಮೇಜು ಅಲ್ಲಾಡುತ್ತಲೇ ಇತ್ತು, ಬರವಣಿಗೆ ಮುಗಿಯುವ ತನಕ.

ಬೀಳುವುದನ್ನು ಒಮ್ಮೆ ಹತ್ತಿರದಿಂದ ಕಂಡವರು ಉಳಿದ ಆಯುಷ್ಯವನ್ನು ಯಾವುದಕ್ಕಾದರೂ ಹೆಗಲು ಕೊಟ್ಟೇ ಕಳೆಯುತ್ತಾರೆ. ಅವರ ಪ್ರೀತಿಗೆ ಕೈಗಳು ಬಹಳ, ಕಿವಿ ಕಡಿಮೆ. ಅವರ ಆಶ್ರಯದಲ್ಲಿ ಬದುಕಿದವರು ಸುರಕ್ಷಿತವಾಗಿ ಬದುಕುತ್ತಾರೆ, ಕೊಂಚ ಉಸಿರುಕಟ್ಟಿಕೊಂಡು. ಎತ್ತಿ ಹಿಡಿದದ್ದಕ್ಕೆ ಲೋಕ ಅವರನ್ನು ಹೊಗಳುತ್ತದೆ. ಬಿಟ್ಟದ್ದನ್ನು ಯಾರೂ ಗಮನಿಸುವುದಿಲ್ಲ. ಇಂಥವರು ಕೈ ಹಿಂದಕ್ಕೆ ತೆಗೆದುಕೊಳ್ಳುವಾಗ ಎಷ್ಟು ಭಾರ ಹೊತ್ತಿರುತ್ತಾರೆಂಬುದು ಹೊರಗಿನವರಿಗೆ ಕಾಣುವಂಥದ್ದಲ್ಲ. ನೋಡುವವರಿಗೆ ಅದು, ಒಬ್ಬ ಮನುಷ್ಯ ಸುಮ್ಮನೆ ಕೂತಿದ್ದಾನೆ, ಅಷ್ಟೆ.