ಬಸಮ್ಮನ ಬಳೆಯ ಪಿನ್ನು

ಕೃತಿಕಾಗೆ ಹುಡುಗ ಹಿಡಿಸಿಬಿಟ್ಟಿದ್ದ. ತೊಂದರೆ ಶುರುವಾಗಿದ್ದೇ ಅಲ್ಲಿಂದ. ಹಿಂದೆ ಬಂದ ಸಂಬಂಧಗಳೆಲ್ಲ ಅವಳ ವಾದಕ್ಕೆ ಹೆದರಿ ಓಡಿಹೋಗಿದ್ದವು; ಆಗ ಅವಳಿಗೆ ಬೇಸರವೇನೂ ಆಗಿರಲಿಲ್ಲ. ಈ ಸಲ ಅಮ್ಮ ಬಸಮ್ಮ ಕೇಸರಿಬಾತಿಗೆ ತುಪ್ಪ ಸುರಿಯುತ್ತಲೇ ಎಚ್ಚರಿಸಿದ್ದರು, "ಕೇಳಿದ್ದಕ್ಕೆ ಹೌದು ಅನ್ನು, ಸಾಕು. ಕಾಲೇಜಿನ ಪಾಠ ಕಾಲೇಜಲ್ಲೇ ಇರ್ಲಿ."

ಹುಡುಗ ವೀರೇಂದ್ರ. ಅವನ ತಂದೆ ಓಂಕಾರಮೂರ್ತಿಯವರದು ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹಸನು ಮಾಡುವ ಕ್ಯೂರಿಂಗ್ ವರ್ಕ್ಸ್. ಉಪ್ಪಿಟ್ಟು ಮುಗಿಯುವಷ್ಟರಲ್ಲಿ ಅವರು ತಮ್ಮ ಹೊಸ ಮ್ಯಾಗ್ನೆಟ್ಟಿನ ಗುಣಗಾನಕ್ಕಿಳಿದರು. ಬೀಜದ ಜೊತೆ ಬಂದ ಮೊಳೆ, ತಂತಿ ಚೂರನ್ನೆಲ್ಲ ಅದು ಮೇಲಕ್ಕೆಳೆದುಕೊಳ್ಳುತ್ತದಂತೆ.

"ಕರೆಂಟ್ ಬೇಡ, ರಜೆ ಬೇಡ. ನಮ್ಮಲ್ಲಿ ಅದರಷ್ಟು ಕೆಲಸ ಮಾಡೋರು ಯಾರೂ ಇಲ್ಲ. ನೀನು ಫಿಸಿಕ್ಸ್ ಲೆಕ್ಚರರ್ ಅಲ್ವೇನಮ್ಮ, ನೀನೇ ಹೇಳು."

ಹೌದು ಅಂದಿದ್ದರೆ ಮುಗಿದಿತ್ತು. ಆದರೆ ಹಿಂದಿನ ದಿನವಷ್ಟೇ ಅದೇ ಪಾಠ ಮಾಡಿ ಬಂದಿದ್ದಳು. ನಾಲಿಗೆ ಸುಮ್ಮನಿರಲಿಲ್ಲ.

"ಕಾಂತಬಲ ಕೆಲಸ ಮಾಡಲ್ಲ ಅಂಕಲ್. ಓಡೋ ವಿದ್ಯುತ್ ಚಾರ್ಜಿನ ದಾರಿ ತಿರುಗಿಸುತ್ತೆ ಅಷ್ಟೆ, ವೇಗ ಹೆಚ್ಚಿಸಲ್ಲ. ಫಿಸಿಕ್ಸ್ ಲೆಕ್ಕದಲ್ಲಿ ಅದು ಮಾಡೋ ಕೆಲಸ ಯಾವಾಗ್ಲೂ ಸೊನ್ನೆ."

ಓಂಕಾರಮೂರ್ತಿಯವರ ಚಮಚ ತಟ್ಟೆಯಲ್ಲೇ ನಿಂತಿತು. ಬಸಮ್ಮ ಮಗಳನ್ನು ಕಣ್ಣಲ್ಲೇ ಸುಟ್ಟರು.

ವೀರೇಂದ್ರ ಮಾತ್ರ ಎದ್ದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಮ್ಯಾಗ್ನೆಟ್ ಕಿತ್ತು ತಂದ. "ಅಮ್ಮಾ, ನಿಮ್ಮ ಬಳೆಯಲ್ಲಿರೋ ಪಿನ್ನು ಕೊಡ್ತೀರಾ?" ಎಂದು ಬಸಮ್ಮನನ್ನು ಕೇಳಿದ.

ಮತ್ತೆ ಕೂತು, ಪಿನ್ನನ್ನು ಟೀಪಾಯಿಯ ಮೇಲಿಟ್ಟು ಮ್ಯಾಗ್ನೆಟ್ಟನ್ನು ಮೇಲಿನಿಂದ ಹತ್ತಿರ ತಂದ. ಪಿನ್ನು ಟಕ್ಕನೆ ಹಾರಿ ಅಂಟಿಕೊಂಡಿತು. "ಮೇಡಂ, ಇದನ್ನ ಎತ್ತಿದ್ದು ಯಾರು?"

ಕೃತಿಕಾ ಬಗ್ಗಿ ಪಿನ್ನನ್ನೇ ನೋಡಿದಳು. ಒಂಟಿ ಚಾರ್ಜಿಗಾದರೆ ಅವಳ ಲೆಕ್ಕ ಸರಿಯೇ. ಆದರೆ ಪಿನ್ನಿನೊಳಗಿನ ಒಂದೊಂದು ಎಲೆಕ್ಟ್ರಾನೂ ತಾನೇ ಒಂದು ಪುಟ್ಟ ಮ್ಯಾಗ್ನೆಟ್. ಅಲ್ಲಿಗೆ ಆ ಲೆಕ್ಕ ಸಾಕಾಗುತ್ತದೆಯೇ? ಅವಳಿಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು.

"ಗೊತ್ತಿಲ್ಲ," ಅಂದಳು. "ಯೋಚನೆ ಮಾಡ್ಬೇಕು."

ಮಗಳ ಬಾಯಲ್ಲಿ ಬಸಮ್ಮ ಆ ಮಾತು ಕೇಳಿದ್ದು ಅದೇ ಮೊದಲು.

ಓಂಕಾರಮೂರ್ತಿ ಎದ್ದು ಹೊರಗೆ ಹೋಗಿ ಚಪ್ಪಲಿ ಮೆಟ್ಟಿದರು. "ಮನೆಗೆ ಹೋಗಿ ತಿಳಿಸ್ತೇವೆ." ಹಾಗಂದು ಹೋದವರು ಯಾರೂ ಇದುವರೆಗೆ ತಿಳಿಸಿದ್ದಿಲ್ಲ.

ವೀರೇಂದ್ರ ಕೂತಲ್ಲಿಂದ ಏಳಲಿಲ್ಲ. ಪಿನ್ನು ಬಿಡಿಸಿ ಮತ್ತೆ ಟೀಪಾಯಿಯ ಮೇಲಿಟ್ಟ. "ನೀವು ಹೋಗಿರಿ ಅಪ್ಪಾಜಿ. ಇವ್ರ ಯೋಚನೆ ಮುಗಿದ ಮೇಲೆ ಬರ್ತೀನಿ."

"ಅದು ಇವತ್ತಿಗೆ ಮುಗಿಯೋದಲ್ಲ," ಅಂದಳು ಕೃತಿಕಾ.

"ನಂಗೂ ಅವಸರ ಇಲ್ಲ."

ಓಂಕಾರಮೂರ್ತಿ ಇಬ್ಬರನ್ನೂ ಒಮ್ಮೆ ನೋಡಿದರು. ಚಪ್ಪಲಿ ಬಿಟ್ಟು ಒಳಗೆ ಬಂದು ಕೂತರು.

"ಬಸಮ್ಮನೋರೆ, ಇನ್ನೊಂದು ಲೋಟ ಕಾಫಿ ಕೊಡಿ. ಸಕ್ಕರೆ ಜಾಸ್ತೀನೇ ಇರ್ಲಿ."